ಮೊಲಕ್ಕೆ ತಾಲೀಮು: ಹೆಸರು ಕರೆದರೆ ಬರುವುದರಿಂದ ಹಿಡಿದು ಹಾರುವವರೆಗೆ, ಮನೆಯಲ್ಲೇ ಕಲಿಸುವ ಬಗೆ

ಬೆಳಗಿನ ಐದೂವರೆಗೆ ಏಳಲು ನನಗೆ ಅಲಾರಾಂ ಬೇಕಿರಲಿಲ್ಲ. ಗುಂಡ ಇದ್ದ. ಗುಂಡ ಅಂದರೆ ನಮ್ಮ ಕಂದು ಬಣ್ಣದ ಗಂಡು ಮೊಲ. ಸ್ಟೀಲ್ ಬಟ್ಟಲನ್ನು ಹಲ್ಲಲ್ಲಿ ಕಚ್ಚಿ ಎತ್ತಿ ಪಂಜರದ ಸರಳಿಗೆ ಬೀಸುತ್ತಿದ್ದ. ಢಣ್! ಎರಡನೇ ಢಣ್ ಬರುವ ಮೊದಲೇ, ಮೇಲಿನ ಮನೆಯವರ ನಿದ್ದೆ ಕೆಡುತ್ತದಲ್ಲಾ ಅಂತ ನಾನು ಓಡಿಹೋಗಿ ಒಂದು ಹಿಡಿ ಕೊತ್ತಂಬರಿ ಹಾಕಿ ಬರುತ್ತಿದ್ದೆ. ಆಮೇಲೆ ಮನೆಯೆಲ್ಲ ನಿಶ್ಶಬ್ದ.

ಪಾಂಡವಪುರದ ಕಡೆಯ ಊರಿನಿಂದ ಮಾವ ಬಂದು ನಾಲ್ಕು ದಿನ ಇದ್ದರು. ಬಂದ ದಿನ ಗುಂಡನನ್ನು ನೋಡಿ, "ಮೊಲಕ್ಕೆ ಎಲ್ಲವ್ವಾ ಬುದ್ದಿ? ತಿಂತದೆ, ಮನೀಕತದೆ, ಅಷ್ಟೇಯ" ಅಂದಿದ್ದರು. ಮೂರನೇ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತವರು ನನ್ನ ಓಡಾಟ ನೋಡಿ ನಕ್ಕುಬಿಟ್ಟರು. "ಇಲ್ಲ ಕಣವ್ವ, ಬುದ್ದಿ ಅದೆ. ನಿಂಗೇ ತಾಲೀಮು ಕೊಟ್ಟದಲ್ಲ ಇದು!"

ಮಾವ ತಮಾಷೆಗೆ ಅಂದರೂ ಮಾತು ನಿಜ. ಬಟ್ಟಲು ಬಡಿದರೆ ಸೊಪ್ಪು ಬರುತ್ತದೆ ಅಂತ ಗುಂಡ ಎರಡೇ ವಾರದಲ್ಲಿ ಕಲಿತಿದ್ದ. ಕಲಿಸಿದವಳು ನಾನೇ, ಗೊತ್ತಿಲ್ಲದೆ. ಇಷ್ಟು ಬೇಗ ಕಲಿಯುವ ಪ್ರಾಣಿಗೆ ಬೇಕಾದ್ದನ್ನು ಬೇಕಂತಲೇ ಯಾಕೆ ಕಲಿಸಬಾರದು ಅನ್ನಿಸಿತು. ಈಗ ಅವನು ಹೆಸರು ಕರೆದರೆ ಬರುತ್ತಾನೆ. ಒಂದೇ ಜಾಗದಲ್ಲಿ ಉಚ್ಚೆ ಹೊಯ್ಯುತ್ತಾನೆ. ಡಾಕ್ಟರ ಹತ್ತಿರ ಹೋಗುವ ಬುಟ್ಟಿಗೆ ತಾನೇ ಹತ್ತಿ ಕೂರುತ್ತಾನೆ. ಕಲಿಸಿದ ಕ್ರಮವನ್ನು ಕೆಳಗೆ ಬರೆದಿದ್ದೇನೆ, ನಾನು ಎಡವಿದ ಜಾಗಗಳ ಸಮೇತ.

ಶುರು ಮಾಡುವ ಮೊದಲು: ಇದು ಎಂಥ ಪ್ರಾಣಿ?

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು" ಅನ್ನುವ ಗಾದೆ ಹಠ ಹಿಡಿದ ಮನುಷ್ಯರ ಬಗ್ಗೆ ಇದೆ. ಮೊಲ ಸಾಕುವವರಿಗೂ ಚೆನ್ನಾಗಿ ಒಪ್ಪುತ್ತದೆ. ಪೆದ್ದು ಪ್ರಾಣಿ ಅಂತ ಮೊದಲೇ ತೀರ್ಮಾನ ಮಾಡಿ ಮೂಲೆಯ ಪಂಜರಕ್ಕೆ ಹಾಕುತ್ತೇವೆ. ಪಂಜರದಲ್ಲಿ ಕೂತು ಕೂತು ಅದು ಪೆದ್ದಾಗಿ ಕಾಣುತ್ತದೆ. ನೋಡಿದಿರಾ, ನಾನು ಹೇಳಲಿಲ್ಲವಾ ಅನ್ನುತ್ತೇವೆ.

ಕಲಿಕೆಯ ಬಗ್ಗೆ ವಿಜ್ಞಾನಕ್ಕೆ ಗೊತ್ತಿರುವ ಒಂದು ಮುಖ್ಯ ಸಂಗತಿ ಮೊಲದಿಂದಲೇ ಬಂದಿದೆ. 1960ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಇಸಿಡೋರ್ ಗೊರ್ಮೆಜಾನೊ ಮೊಲಗಳಿಗೆ ಒಂದು ಶಬ್ದ ಕೇಳಿಸಿ, ಅದರ ಬೆನ್ನಿಗೇ ಕಣ್ಣಿಗೆ ಸಣ್ಣದಾಗಿ ಗಾಳಿ ಊದುವ ಪ್ರಯೋಗ ಶುರು ಮಾಡಿದರು. ಹಲವು ಸಲ ಹೀಗಾದ ಮೇಲೆ ಮೊಲ ಶಬ್ದ ಕೇಳುತ್ತಲೇ, ಗಾಳಿ ಬರುವ ಕ್ಷಣಕ್ಕೆ ಸರಿಯಾಗಿ ಕಣ್ಣು ಮುಚ್ಚುತ್ತಿತ್ತು. ಇಂಥ ಕಲಿಕೆ ಕಿರುಮೆದುಳಿನಲ್ಲಿ ನಡೆಯುತ್ತದೆ ಎಂದು ಆಮೇಲೆ ರಿಚರ್ಡ್ ಥಾಂಪ್ಸನ್ ತೋರಿಸಿದ್ದೂ ಮೊಲಗಳಲ್ಲೇ. ಇನ್ನು ಸ್ವೀಡನ್ನಿನಲ್ಲಿ 1970ರ ದಶಕದಿಂದ ಮೊಲಗಳಿಗೆ ಅಡ್ಡಪಟ್ಟಿ ಹಾರುವ ಸ್ಪರ್ಧೆ ನಡೆಯುತ್ತಿದೆ. ಕುದುರೆಗಳ ಸ್ಪರ್ಧೆಯ ಹಾಗೇ. ಅಲ್ಲಿನ ಒಳ್ಳೆಯ ಮೊಲಗಳು ಹೆಚ್ಚುಕಡಿಮೆ ಒಂದು ಮೀಟರ್ ಎತ್ತರ ಹಾರುತ್ತವೆ.

ಹಾಗಾದರೆ ನಾಯಿಯ ಹಾಗೆ ಯಾಕೆ ಕಾಣುವುದಿಲ್ಲ? ನಾಯಿ ಬೇಟೆಯಾಡುವ ಪ್ರಾಣಿ, ಮೊಲ ಬೇಟೆಗೆ ಸಿಗುವ ಪ್ರಾಣಿ. ಅದರ ತಲೆಯಲ್ಲಿ ಮೊದಲ ಪ್ರಶ್ನೆ, "ಓಡಬೇಕಾ ಬೇಡವಾ?" ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ಬೇರೆ ಪಾಠ ತಲೆಗೆ ಹತ್ತುವುದಿಲ್ಲ. ನಮ್ಮನ್ನು ಖುಷಿಪಡಿಸಬೇಕು ಅನ್ನುವ ದರ್ದು ಮೊಲಕ್ಕಿಲ್ಲ. ತನಗೇನು ಸಿಗುತ್ತದೆ ಅನ್ನುವ ಲೆಕ್ಕ ಮಾತ್ರ ಪಕ್ಕಾ. ನನಗಂತೂ ಈ ವ್ಯವಹಾರವೇ ಇಷ್ಟ. ಮುಲಾಜಿಲ್ಲ ನೋಡಿ.

ಇನ್ನೊಂದು ಮಾತು. ಹೊಲದಲ್ಲಿ ಕಬ್ಬು ಕಡಿಯುವಾಗ ಸಿಗುವ ಕಾಡುಮೊಲದ ಮರಿ ಬೇರೆ ಜಾತಿ. ಅದು ಕಣ್ಣು ಬಿಟ್ಟುಕೊಂಡೇ, ಮೈತುಂಬ ಕೂದಲಿಟ್ಟುಕೊಂಡೇ ಹುಟ್ಟುತ್ತದೆ. ಸಾಕು ಮೊಲದ ಮರಿಗೆ ಹುಟ್ಟುವಾಗ ಕಣ್ಣೂ ಬಿಟ್ಟಿರುವುದಿಲ್ಲ, ಕೂದಲೂ ಇರುವುದಿಲ್ಲ. ಕಾಡುಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಮನೆಗೆ ತಂದು ಸಾಕುವ ಹಾಗಿಲ್ಲ. ತಾಯಿ ಮರಿಗಳನ್ನು ಬಿಟ್ಟು ಮೇಯಲು ಹೋಗಿ, ಹಾಲು ಕೊಡಲು ಮಾತ್ರ ಬರುತ್ತದೆ. ಒಂಟಿಯಾಗಿ ಕಂಡರೂ ಅನಾಥ ಅಂತ ಎತ್ತಿಕೊಂಡು ಬರಬೇಡಿ.

ಹಂತ 1: ಜಾಗ, ಹೊಟ್ಟೆ, ಆರೋಗ್ಯ

ಇಡೀ ದಿನ ಪಂಜರದಲ್ಲಿರುವ ಮೊಲಕ್ಕೆ ಏನೂ ಕಲಿಸಲು ಆಗುವುದಿಲ್ಲ. ದಿನಕ್ಕೆ ಮೂರು ನಾಲ್ಕು ಗಂಟೆಯಾದರೂ ಓಡಾಡಲು ಬಿಡಬೇಕು. ಒಂದು ಕೋಣೆ ಸಾಕು. ಮೊದಲು ವೈರುಗಳನ್ನು ಮೇಲೆತ್ತಿ ಕಟ್ಟಿ, ಇಲ್ಲವೇ ಪೈಪಿನೊಳಗೆ ತೂರಿಸಿ. ವೈರ್ ಕಡಿಯುವುದು ಮೊಲದ ಕೆಟ್ಟತನ ಅಂದುಕೊಳ್ಳಬೇಡಿ. ಬಿಲ ತೋಡುವ ಪ್ರಾಣಿಗೆ ದಾರಿಗೆ ಅಡ್ಡ ಬಂದ ಬೇರನ್ನು ಕಡಿದು ಹಾಕುವ ಅಭ್ಯಾಸ. ಚಾರ್ಜರಿನ ವೈರ್ ಅದಕ್ಕೆ ಬೇರಿನ ಹಾಗೇ ಕಾಣುತ್ತದೆ. ನಾನು ಮೂರು ಚಾರ್ಜರ್ ಕಳೆದುಕೊಂಡ ಮೇಲೆ ಬುದ್ಧಿ ಕಲಿತೆ. ಗುಂಡ ಮೊದಲ ದಿನವೇ ಕಲಿತಿದ್ದ.

ನೆಲದ ವಿಷಯ ಬಹಳ ಜನ ಮರೆಯುತ್ತಾರೆ. ನಮ್ಮ ಮನೆಗಳಲ್ಲಿ ನುಣುಪು ಟೈಲ್ಸ್. ಮೊಲದ ಅಂಗಾಲಿನಲ್ಲಿ ನಾಯಿ ಬೆಕ್ಕಿಗಿರುವ ಮೆತ್ತನೆಯ ದಿಂಬು ಇರುವುದಿಲ್ಲ, ಬರೀ ಕೂದಲು. ಟೈಲ್ಸ್ ಮೇಲೆ ಜಾರುತ್ತದೆ, ಜಾರಿದರೆ ಹೆದರುತ್ತದೆ, ಹೆದರಿದರೆ ಕಲಿಯುವುದಿಲ್ಲ. ಒಂದು ಹಳೆಯ ಜಮಖಾನ ಹಾಸಿ. ಅದೇ ನಿಮ್ಮ ಗರಡಿಮನೆ.

ಊಟದಲ್ಲಿ ನೂರಕ್ಕೆ ಎಂಬತ್ತು ಪಾಲು ಹುಲ್ಲಿರಬೇಕು. ಯಾವಾಗಲೂ ಎದುರಿಗೆ ಇರಬೇಕು. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದರೇ ಸವೆಯುವುದು. ಪೇಟೆಯಲ್ಲಿ ಸಿಗುವ ಪ್ಯಾಕೆಟ್ ಹುಲ್ಲು ದುಬಾರಿ. ನಾವು ಗರಿಕೆ ಕುಯ್ದು ನೆರಳಲ್ಲಿ ಒಣಗಿಸಿ ಅದಕ್ಕೆ ಸೇರಿಸುತ್ತೇವೆ. ತಾಲೀಮಿಗಾಗಿ ಮೊಲವನ್ನು ಹಸಿವಿನಲ್ಲಿ ಇಡುವುದು ಮಾತ್ರ ಖಂಡಿತ ಬೇಡ. ನಾಯಿಗೆ ಒಂದು ಹೊತ್ತು ತಪ್ಪಿದರೆ ನಡೆಯುತ್ತದೆ. ಮೊಲದ ಕರುಳು ನಿಂತರೆ ಜೀವಕ್ಕೇ ಅಪಾಯ. ಹತ್ತು ಹನ್ನೆರಡು ಗಂಟೆ ಏನೂ ತಿನ್ನಲಿಲ್ಲ, ಹಿಕ್ಕೆ ಹಾಕಲಿಲ್ಲ ಅಂದರೆ ತುರ್ತಾಗಿ ಡಾಕ್ಟರ ಹತ್ತಿರ ಓಡಬೇಕು.

ಆ ಡಾಕ್ಟರನ್ನು ಈಗಲೇ ಹುಡುಕಿಟ್ಟುಕೊಳ್ಳಿ. ದನ, ನಾಯಿ ನೋಡುವವರೆಲ್ಲ ಮೊಲ ನೋಡುವುದಿಲ್ಲ. "ಮೊಲಕ್ಕೆ ಬಾಯಿಯ ಮೂಲಕ ಅಮಾಕ್ಸಿಸಿಲಿನ್ ಕೊಡಬಹುದಾ?" ಅಂತ ಕೇಳಿ. ಕೂಡದು ಅನ್ನುವುದೇ ಸರಿಯಾದ ಉತ್ತರ. ಅದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು ಮೊಲದ ಜೀವ ತೆಗೆಯಬಹುದು. ಅದೇ ಡಾಕ್ಟರ ಹತ್ತಿರ ಸಂತಾನಹರಣ ಆಪರೇಷನ್ ವಿಷಯವನ್ನೂ ಮಾತಾಡಿ. ನಾಲ್ಕರಿಂದ ಆರು ತಿಂಗಳಿಗೆ ಮೊಲ ಪ್ರಾಯಕ್ಕೆ ಬರುತ್ತದೆ. ಗಂಡಾದರೆ ಗೋಡೆಗೆಲ್ಲ ಉಚ್ಚೆ ಚಿಮ್ಮಿಸಿ ಗಡಿ ಗುರುತು ಹಾಕುತ್ತದೆ. ಹೆಣ್ಣಾದರೆ ವಯಸ್ಸಾದ ಮೇಲೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಜಾಸ್ತಿ. ಆಪರೇಷನ್ ಆದ ಮೊಲ ಶಾಂತವಾಗಿರುತ್ತದೆ, ಪಾಠಕ್ಕೆ ಗಮನ ಕೊಡುತ್ತದೆ. ಗುಂಡನನ್ನು ನಮಗೆ ಮಾರಿದವರು ಹೆಣ್ಣು ಅಂತ ಹೇಳಿ ಕೊಟ್ಟಿದ್ದರು. ಮೊದಲು ಇಟ್ಟ ಹೆಸರು ಮಲ್ಲಿ. ಗೋಡೆ ನೋಡಿದ ಮೇಲೆ ಹೆಸರು ಬದಲಾಯಿತು.

ಹಂತ 2: ಸುಮ್ನೆ ನೆಲದ ಮೇಲೆ ಕೂರಿ

ಇದು ಎಲ್ಲಕ್ಕಿಂತ ಸುಲಭದ ಪಾಠ. ಆದರೆ ಎಲ್ಲರೂ ಇಲ್ಲೇ ಸೋಲುತ್ತಾರೆ. ಒಂದು ವಾರ, ದಿನಕ್ಕೆ ಅರ್ಧ ಗಂಟೆ, ಮೊಲ ಓಡಾಡುವ ಕೋಣೆಯ ನೆಲದ ಮೇಲೆ ಕೂತಿರಿ. ಪೇಪರ್ ಓದಿ, ಹುರುಳಿಕಾಯಿ ನಾರು ತೆಗೆಯಿರಿ. ಮೊಲದ ಕಡೆ ನೋಡಬೇಡಿ, ಕೈ ಚಾಚಬೇಡಿ. ಎರಡು ಮೂರು ದಿನದಲ್ಲಿ ಅದೇ ಬಂದು ನಿಮ್ಮ ಕಾಲಿನ ಬೆರಳು ಮೂಸುತ್ತದೆ. ಗದ್ದವನ್ನು ನಿಮ್ಮ ಮಂಡಿಗೆ ಉಜ್ಜುತ್ತದೆ. ಗದ್ದದ ಅಡಿಯಲ್ಲಿ ವಾಸನೆಯ ಗ್ರಂಥಿ ಇದೆ. "ಇದು ನನ್ನದು" ಅಂತ ಮುದ್ರೆ ಒತ್ತಿದ ಹಾಗೆ.

ಎತ್ತಿಕೊಳ್ಳಬೇಡಿ. ಮಕ್ಕಳಿಗೂ ಕೊಡಬೇಡಿ. ಮೊಲವನ್ನು ಮೇಲಿಂದ ಎತ್ತುವುದು ಹದ್ದು ಮಾತ್ರ, ಅದರ ಲೆಕ್ಕದಲ್ಲಿ. ಕಿವಿ ಹಿಡಿದು ಎತ್ತುವುದು ಸಿನಿಮಾದ ಜಾದೂಗಾರರ ಕೆಟ್ಟ ಚಾಳಿ. ಒದ್ದಾಡಿದಾಗ ಹಿಂಗಾಲಿನ ಬಲಕ್ಕೆ ಅದರದೇ ಬೆನ್ನುಮೂಳೆ ಮುರಿಯಬಹುದು. ಎತ್ತಲೇಬೇಕಾದರೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಪೃಷ್ಠದ ಕೆಳಗೆ, ನಿಮ್ಮ ಮೈಗೆ ಒತ್ತಿ. ಅಂಗಾತ ಮಲಗಿಸಿದರೆ ಮೊಲ ಅಲ್ಲಾಡದೆ ಬಿದ್ದುಕೊಳ್ಳುತ್ತದೆ. "ಎಷ್ಟು ಚೆನ್ನಾಗಿ ಮಲಗಿತು ನೋಡಿ" ಅಂತ ವಿಡಿಯೋ ಮಾಡುತ್ತಾರೆ. ಅದು ಸತ್ತಂತೆ ನಟಿಸುವ ಭಯ. ಆಟ ಅಂದುಕೊಳ್ಳಬೇಡಿ.

ಈ ವಾರದಲ್ಲಿ ಮೊಲದ ಭಾಷೆಯನ್ನೂ ಕಲಿಯಿರಿ. ಹಿಂಗಾಲನ್ನು ನೆಲಕ್ಕೆ ಧಪ್ ಅಂತ ಬಡಿದರೆ ಅಪಾಯದ ಸೂಚನೆ. ಓಡುತ್ತಾ ಓಡುತ್ತಾ ಗಾಳಿಯಲ್ಲಿ ಮೈ ತಿರುಚಿ ನೆಗೆದರೆ ಸಂತೋಷ. ತಲೆ ಸವರುವಾಗ ಹಲ್ಲು ಮೆಲ್ಲಗೆ ಕಟಕಟ ಅಂದರೆ ಸುಖ. ಮೂಲೆಯಲ್ಲಿ ಮುದುಡಿ ಕೂತು ಜೋರಾಗಿ ಹಲ್ಲು ಕಡಿದರೆ ನೋವು. ಬೆನ್ನು ತಿರುಗಿಸಿ ಕೂತರೆ ನಿಮ್ಮ ಮೇಲೆ ಮುನಿಸು. ಇದು ನನಗೆ ವಾರಕ್ಕೊಮ್ಮೆ ಸಿಗುತ್ತದೆ, ಉಗುರು ತೆಗೆದ ದಿನ ತಪ್ಪದೆ.

ಹಂತ 3: ಬಹುಮಾನ ಯಾವುದು?

ಮೊಲದ ನಾಲಗೆಯಲ್ಲಿ ಸುಮಾರು 17 ಸಾವಿರ ರುಚಿಮೊಗ್ಗುಗಳಿವೆ. ಹಾಗಾಗಿ ಏನು ಕೊಟ್ಟರೂ ಒಂದೇ ಅನ್ನುವ ಹಾಗಿಲ್ಲ. ಐದು ಚಿಕ್ಕ ತಟ್ಟೆಯಲ್ಲಿ ಐದು ಬಗೆ ಇಟ್ಟು ನೋಡಿ. ಕೊತ್ತಂಬರಿ, ಪುದೀನ, ಕಾಮಕಸ್ತೂರಿ, ಕ್ಯಾರೆಟ್ ಚೂರು, ಬಾಳೆಹಣ್ಣಿನ ಚೂರು. ಮೊದಲು ಎಲ್ಲಿಗೆ ಹೋಗುತ್ತದೆ? ಮೂರು ದಿನ ತಟ್ಟೆಗಳ ಜಾಗ ಬದಲಾಯಿಸಿ ನೋಡಿ. ಮೂರು ದಿನವೂ ಮೊದಲು ಮುಗಿಯುವುದೇ ನಿಮ್ಮ ನಾಣ್ಯ.

ಮಂಡ್ಯ, ಮೈಸೂರು ಕಡೆಯವರಿಗೆ ಒಂದು ಅನುಕೂಲ ಇದೆ, ಹಿಪ್ಪುನೇರಳೆ ಸೊಪ್ಪು. ರೇಷ್ಮೆ ಹುಳಕ್ಕೆ ಹಾಕುವ ಅದೇ ಸೊಪ್ಪು. ಗುಂಡನ ನಾಣ್ಯ ಅದೇ. ಮಾವ ಪ್ರತಿ ಸಲ ಬರುವಾಗ ಒದ್ದೆ ಗೋಣಿಯಲ್ಲಿ ಸುತ್ತಿ ತರುತ್ತಾರೆ. ತೋಟಕ್ಕೆ ಔಷಧಿ ಹೊಡೆದಿಲ್ಲ ಅಂತ ಕೇಳಿಯೇ ತನ್ನಿ, ತೊಳೆದೇ ಕೊಡಿ. ಒಂದು ಎಲೆಯನ್ನು ನಾಲ್ಕು ಚೂರು ಮಾಡಿದರೆ ನಾಲ್ಕು ಪಾಠಕ್ಕೆ ಬರುತ್ತದೆ.

ಹಣ್ಣು, ಕ್ಯಾರೆಟ್‌ನಲ್ಲಿ ಸಕ್ಕರೆ ಜಾಸ್ತಿ. ಎರಡು ಕೆಜಿ ತೂಗುವ ಮೊಲಕ್ಕೆ ದಿನಕ್ಕೆ ಒಂದೆರಡು ಟೀ ಚಮಚದಷ್ಟು ಸಾಕು. ಮಂಡ್ಯದಲ್ಲಿದ್ದೇವೆ ಅಂತ ಕಬ್ಬು, ಬೆಲ್ಲ ಕೊಡಬೇಡಿ. ಬಿಸ್ಕತ್ತು, ಅನ್ನ, ಚಪಾತಿ ಕೂಡ ಬೇಡ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಎಲೆ, ಟೊಮೆಟೊ ಎಲೆ, ಬೆಣ್ಣೆಹಣ್ಣು ವಿಷ. ಕಾಂಪೌಂಡಿನಲ್ಲಿ ಕಣಗಿಲೆ ಗಿಡ ಇದ್ದರೆ ಮೊಲವನ್ನು ಆ ಕಡೆ ಬಿಡಲೇಬೇಡಿ. ಹೂವು, ಎಲೆ, ಕಡ್ಡಿ ಎಲ್ಲವೂ ವಿಷವೇ.

ಹಂತ 4: "ಸೈ" ಅನ್ನುವ ಶಬ್ದ

ಮೊಲ ಸರಿಯಾದ ಕೆಲಸ ಮಾಡಿದ ಕ್ಷಣಕ್ಕೇ ಬಹುಮಾನ ತಲುಪಿಸುವುದು ಕಷ್ಟ. ನಾವು ಎಲೆ ಹುಡುಕುವಷ್ಟರಲ್ಲಿ ಅದು ಇನ್ನೇನೋ ಮಾಡಿರುತ್ತದೆ. ಅದಕ್ಕೇ ಒಂದು ಶಬ್ದ ಬೇಕು. "ಇದೋ, ಇದೇ ಸರಿ, ಎಲೆ ಬರ್ತಾ ಇದೆ" ಅಂತ ಹೇಳುವ ಶಬ್ದ. ಚಿಕ್ಕದಾಗಿರಬೇಕು, ಪ್ರತಿ ಸಲ ಒಂದೇ ಥರ ಇರಬೇಕು, ಮನೆಯಲ್ಲಿ ಬೇರೆ ಕೆಲಸಕ್ಕೆ ಬಳಸದ್ದಾಗಿರಬೇಕು.

ನಾನು ಮೊದಲು ಟಿಕ್ ಅನ್ನುವ ಬಾಲ್‌ಪೆನ್ ಬಳಸಿದೆ. ಚೆನ್ನಾಗೇ ನಡೆಯಿತು. ಆದರೆ ಮಗಳು ಹೋಮ್‌ವರ್ಕ್ ಮಾಡುತ್ತಾ ಪೆನ್ನು ಟಿಕ್ ಟಿಕ್ ಅನ್ನಿಸಿದಾಗಲೆಲ್ಲ ಗುಂಡ ಓಡಿಬಂದು ಅವಳ ಮುಂದೆ ನಿಲ್ಲುತ್ತಿದ್ದ. ಎಲೆ ಸಿಗದಿದ್ದರೆ ಅವಳ ನೋಟ್‌ಬುಕ್ಕಿನ ಮೂಲೆ ತಿನ್ನುತ್ತಿದ್ದ. ಟೀಚರಿಗೆ ನಿಜ ಹೇಳಿದರೂ ನಂಬಲಿಲ್ಲವಂತೆ. ಆಮೇಲೆ "ಸೈ" ಅನ್ನುವ ಮಾತಿಗೆ ಬದಲಾಯಿಸಿದೆ.

ಕಲಿಸುವುದು ಹೀಗೆ. ಮೊಲ ಹತ್ತಿರ ಇರುವಾಗ "ಸೈ" ಅನ್ನಿ, ಒಂದು ಸೆಕೆಂಡಿನೊಳಗೆ ಎಲೆ ಚೂರು ಕೊಡಿ. ಮೊಲ ಏನೂ ಮಾಡಬೇಕಾಗಿಲ್ಲ. ಹತ್ತು ಹದಿನೈದು ಸಲ. ಸಂಜೆ ಮತ್ತೆ ಅಷ್ಟೇ. ಎರಡು ಮೂರು ದಿನದಲ್ಲಿ "ಸೈ" ಕೇಳಿದೊಡನೆ ಮೊಲದ ಮೂಗು ನಿಮ್ಮ ಕೈ ಕಡೆ ತಿರುಗುತ್ತದೆ. ಪಾಠ ಮುಗಿಯಿತು. ಇನ್ನು ಮುಂದೆ "ಸೈ" ಅಂದಮೇಲೆ ಎಲೆ ಕೊಡಲೇಬೇಕು, ತಪ್ಪಿ ಅಂದರೂ ಸರಿ. ಮಾತಿಗೆ ತಪ್ಪಿದರೆ ಆ ಮಾತಿಗೆ ಬೆಲೆ ಇರುವುದಿಲ್ಲ.

ಸಮಯ ಕೂಡ ಮುಖ್ಯ. ಮೊಲ ಚುರುಕಾಗಿರುವುದು ಮುಂಜಾವು ಮತ್ತು ಮುಸ್ಸಂಜೆ. ಮಧ್ಯಾಹ್ನ ಎಬ್ಬಿಸಿ ಪಾಠ ಮಾಡಿದರೆ ನಿಮಗೂ ಬೇಜಾರು, ಅದಕ್ಕೂ ಬೇಜಾರು. ಏಪ್ರಿಲ್‌ನಲ್ಲಂತೂ ಅಪಾಯ ಕೂಡ. ಮೊಲಕ್ಕೆ ಬೆವರುವುದು ಗೊತ್ತಿಲ್ಲ, ಮೈಯ ಬಿಸಿಯನ್ನು ಕಿವಿಯಿಂದ ಹೊರಹಾಕುತ್ತದೆ. 30 ಡಿಗ್ರಿ ದಾಟಿದರೆ ಕಷ್ಟ. ಬಾಟಲಿಯಲ್ಲಿ ನೀರು ಗಟ್ಟಿ ಮಾಡಿ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಪಾಠ ಒಂದು ಸಲಕ್ಕೆ ಐದು ನಿಮಿಷ, ಅಷ್ಟೇ. ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸಿ.

ಹಂತ 5: ಸೌಟು ಮುಟ್ಟು

ಇದೊಂದು ಕಲಿತರೆ ಮುಂದಿನದೆಲ್ಲ ಸಲೀಸು. ಒಂದು ಕೋಲಿನ ತುದಿಯನ್ನು ಮೂಗಿನಿಂದ ಮುಟ್ಟುವುದು. ಕೋಲು ಎಲ್ಲಿಗೆ ಹೋದರೆ ಮೊಲ ಅಲ್ಲಿಗೆ. ನಾನು ಬುದ್ಧಿವಂತಳ ಹಾಗೆ ಮೊದಲು ಮುದ್ದೆ ಕೋಲು ತಂದೆ. ಅಷ್ಟು ದೊಡ್ಡ ದೊಣ್ಣೆ ನೋಡಿ ಗುಂಡ ಮಂಚದ ಕೆಳಗೆ ಸೇರಿದವನು ರಾತ್ರಿಯವರೆಗೂ ಬರಲಿಲ್ಲ. ಚಿಕ್ಕ ಮರದ ಚಮಚ ಸಾಕು. ನಮ್ಮ ಮನೆಯಲ್ಲಿ ಅದರ ಹೆಸರು ಸೌಟು ಅಂತಲೇ ಉಳಿದಿದೆ.

ಮೊಲದ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಸುತ್ತಮುತ್ತ ಹೆಚ್ಚುಕಡಿಮೆ ಪೂರ್ತಿ ಕಾಣುತ್ತದೆ, ಹಿಂದಿನಿಂದ ಬರುವವರೂ ಕಾಣುತ್ತಾರೆ. ಆದರೆ ಸರಿಯಾಗಿ ಮೂಗಿನ ಮುಂದೆ, ಬಾಯಿಯ ಕೆಳಗೆ ಇರುವುದು ಮಾತ್ರ ಕಾಣುವುದಿಲ್ಲ. ಅಲ್ಲಿ ಮೀಸೆ, ತುಟಿ, ವಾಸನೆಯಲ್ಲೇ ಕೆಲಸ. ಬಾಯಿ ಹತ್ತಿರ ಇಟ್ಟ ಎಲೆ ಸಿಗದೆ ತಡಕಾಡುವ ಮೊಲವನ್ನು ಪೆದ್ದು ಅನ್ನುವವರು ಇದನ್ನು ತಿಳಿದಿರಬೇಕು. ಹಾಗಾಗಿ ಚಮಚವನ್ನು ಮುಖದ ನೇರಕ್ಕೆ ಹಿಡಿಯದೆ, ಒಂದು ಪಕ್ಕಕ್ಕೆ, ನಾಲ್ಕು ಬೆರಳು ದೂರ ಹಿಡಿಯಿರಿ.

ಕುತೂಹಲಕ್ಕೆ ಅದು ಮೂಸಲು ಬರುತ್ತದೆ. ಮೂಗು ತಾಗಿದ ಕ್ಷಣ "ಸೈ", ಎಲೆ. ಚಮಚ ಹಿಂದಕ್ಕೆ ತೆಗೆಯಿರಿ. ಮತ್ತೆ ಹಿಡಿಯಿರಿ. ಕಚ್ಚಿದರೆ ಸೈ ಅನ್ನಬೇಡಿ, ಮುಟ್ಟಿದರೆ ಮಾತ್ರ. ಐದಾರು ಸಲ ಸರಿಯಾದ ಮೇಲೆ ಒಂದು ಗೇಣು ದೂರ ಹಿಡಿಯಿರಿ, ಆಮೇಲೆ ಒಂದು ಮೊಳ, ಆಮೇಲೆ ಕೋಣೆಯ ಆ ತುದಿ. ನನಗೆ ಇದಕ್ಕೆ ನಾಲ್ಕು ದಿನ ಹಿಡಿಯಿತು. ಕೆಲವು ಮೊಲಗಳು ಒಂದೇ ಸಂಜೆಗೆ ಕಲಿಯುತ್ತವೆ, ಕೆಲವಕ್ಕೆ ಎರಡು ವಾರ ಬೇಕು. ಅವಸರ ಬೇಡ.

ಹೆಸರು ಕಲಿಸುವುದು ಇದರ ಜೊತೆಗೇ ಆಗುತ್ತದೆ. "ಗುಂಡಾ" ಅನ್ನಿ, ಚಮಚ ತೋರಿಸಿ, ಬಂದರೆ ಸೈ. ವಾರದ ಮೇಲೆ ಚಮಚ ಬಿಡಿ, ಹೆಸರು ಮಾತ್ರ. ಬೈಯುವಾಗ, ಔಷಧಿ ಹಾಕುವಾಗ, ಪಂಜರಕ್ಕೆ ತಳ್ಳುವಾಗ ಆ ಹೆಸರು ಕರೆಯಬೇಡಿ. ಹೆಸರು ಅಂದರೆ ಎಲೆ, ಅಷ್ಟೇ ಅದಕ್ಕೆ ಗೊತ್ತಿರಲಿ.

ಹಂತ 6: ಉಚ್ಚೆಗೆ ಒಂದು ಜಾಗ

ಬೇರೆ ಏನೂ ಕಲಿಸದಿದ್ದರೂ ಇದನ್ನು ಕಲಿಸಿ. ಮನೆಯವರು ಮೊಲವನ್ನು ಒಪ್ಪಿಕೊಳ್ಳುವುದೂ ಬಿಡುವುದೂ ಇದರ ಮೇಲೇ ನಿಂತಿದೆ. ಇದರಲ್ಲಿ ಮೊಲದ ಸ್ವಭಾವವೇ ನಿಮ್ಮ ಪರ. ಅದು ತಾನಾಗಿ ಒಂದು ಮೂಲೆ ಆರಿಸಿಕೊಳ್ಳುತ್ತದೆ. ನೀವು ಇಷ್ಟಪಟ್ಟ ಮೂಲೆಗೆ ಅದನ್ನು ಎಳೆಯುವ ಬದಲು ಅದು ಆರಿಸಿದ ಮೂಲೆಗೆ ನಿಮ್ಮ ಟ್ರೇ ಹೋಗಲಿ.

ಅಗಲವಾದ ಪ್ಲಾಸ್ಟಿಕ್ ಟ್ರೇ, ತಳಕ್ಕೆ ನಾಲ್ಕು ಪದರ ಪೇಪರ್, ಮೇಲೆ ಹುಲ್ಲು. ಟ್ರೇಯ ಒಂದು ತುದಿಗೆ ತಿನ್ನುವ ಹುಲ್ಲಿನ ಗುಡ್ಡೆ. ಮೊಲ ತಿನ್ನುತ್ತಾ ತಿನ್ನುತ್ತಾ ಹಿಕ್ಕೆ ಹಾಕುವ ಪ್ರಾಣಿ. ಹುಲ್ಲು ಟ್ರೇಯಲ್ಲಿದ್ದರೆ ಅರ್ಧ ಕೆಲಸ ಆದ ಹಾಗೆ. ನೀರು ತಾಗಿದರೆ ಗಟ್ಟಿಯಾಗುವ ಬೆಕ್ಕಿನ ಮರಳು ಹಾಕಬೇಡಿ, ತಿಂದರೆ ಕರುಳು ಕಟ್ಟುತ್ತದೆ. ಹೊರಗೆ ಬಿದ್ದ ಹಿಕ್ಕೆಯನ್ನು ಗುಡಿಸಿ ಟ್ರೇಗೆ ಹಾಕಿ, ಉಚ್ಚೆ ಒರೆಸಿದ ಪೇಪರನ್ನೂ ಅಲ್ಲಿಗೇ ಹಾಕಿ. ವಾಸನೆಯೇ ಬೋರ್ಡು. ಹೊರಗಿನ ನೆಲವನ್ನು ವಿನಿಗರ್ ಹಾಕಿ ಒರೆಸಿ. ಮೊಲದ ಉಚ್ಚೆಯಲ್ಲಿ ಸುಣ್ಣದ ಅಂಶ ಜಾಸ್ತಿ, ಬಿಳಿ ಕಲೆ ವಿನಿಗರ್‌ಗೇ ಹೋಗುವುದು. ಟ್ರೇಯಲ್ಲಿ ಕೂತು ಕೆಲಸ ಮುಗಿಸಿದಾಗ ಸೈ ಅನ್ನಿ.

ಮೊಲ ತನ್ನ ಹಿಂಬದಿಗೆ ಬಾಯಿ ಹಾಕಿ ಏನೋ ತಿಂದರೆ ಅಸಹ್ಯಪಡಬೇಡಿ, ತಡೆಯಬೇಡಿ. ಅದು ಮೆತ್ತನೆಯ ಬೇರೆ ಹಿಕ್ಕೆ. ಒಂದು ಸಲ ಜೀರ್ಣವಾಗದ ಸತ್ವವನ್ನು ಎರಡನೇ ಸಲ ಪಡೆಯುವ ಉಪಾಯ. ಹಸು ಮೆಲುಕು ಹಾಕುವ ಹಾಗೆ ಅಂದುಕೊಳ್ಳಿ.

ಎರಡು ಮೂರು ವಾರದಲ್ಲಿ ಉಚ್ಚೆ ಪೂರ್ತಿ ಟ್ರೇಗೆ ಬರುತ್ತದೆ. ಅಲ್ಲೊಂದು ಇಲ್ಲೊಂದು ಒಣ ಹಿಕ್ಕೆ ಬೀಳುತ್ತಲೇ ಇರುತ್ತದೆ, ಜೀವಮಾನ ಪೂರ್ತಿ. ನಾನು ರಾಜಿಯಾಗಿದ್ದೇನೆ. ನಮ್ಮ ಮನೆಯ ಗುಲಾಬಿ ಗಿಡಗಳೂ ರಾಜಿಯಾಗಿವೆ.

ಹಂತ 7: ಆನೆಗೆ ಕಲಿಸಿದ ಹಾಗೆ ಬುಟ್ಟಿ, ಸುತ್ತು, ಹಾರುವುದು

ಮೈಸೂರಿನವರಿಗೆ ಈ ಹಂತವನ್ನು ವಿವರಿಸುವುದು ಸುಲಭ. ದಸರಾ ಆನೆಗಳ ತಾಲೀಮು ನೋಡಿದ್ದೀರಲ್ಲ? ಬಂದ ದಿನವೇ ಅಂಬಾರಿ ಹೊರಿಸುವುದಿಲ್ಲ. ಮೊದಲು ಬರೀ ನಡಿಗೆ, ಅರಮನೆಯಿಂದ ಬನ್ನಿಮಂಟಪದವರೆಗೆ. ಆಮೇಲೆ ಬೆನ್ನ ಮೇಲೆ ಮರಳು ಮೂಟೆ. ದಿನ ಕಳೆದಂತೆ ಮೂಟೆಯ ಭಾರ ಜಾಸ್ತಿ. ಆಮೇಲೆ ಮರದ ಅಂಬಾರಿ. ಕೊನೆಗೆ ವಿಜಯದಶಮಿಯ ದಿನ 750 ಕೆಜಿ ಚಿನ್ನದ ಅಂಬಾರಿ. ನಡುನಡುವೆ ಬೆಲ್ಲ, ತೆಂಗಿನಕಾಯಿ. ದೊಡ್ಡ ಕೆಲಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಒಂದೊಂದು ತುಂಡಿಗೂ ತಿನ್ನಲು ಕೊಟ್ಟು ಕಲಿಸುವುದು. ಎರಡು ಕೆಜಿ ಮೊಲಕ್ಕೂ ಇದೇ ದಾರಿ.

ಬುಟ್ಟಿಯಿಂದ ಶುರು ಮಾಡಿ. ಡಾಕ್ಟರ ಹತ್ತಿರ ಹೋಗುವ ದಿನ ಮಾತ್ರ ಬುಟ್ಟಿ ಹೊರಬಂದರೆ ಮೊಲಕ್ಕೆ ಬುಟ್ಟಿ ಅಂದರೆ ಸೂಜಿ ಅಂತಲೇ ಅರ್ಥ. ವರ್ಷವಿಡೀ ಕೋಣೆಯಲ್ಲೇ ಬಾಗಿಲು ತೆಗೆದಿಟ್ಟಿರಿ. ಬುಟ್ಟಿ ಕಡೆ ನೋಡಿದರೆ ಸೈ. ಮೂಗು ಒಳಗಿಟ್ಟರೆ ಸೈ. ಎರಡು ಮುಂಗಾಲು ಇಟ್ಟರೆ ಸೈ. ಪೂರ್ತಿ ಒಳಗೆ ಹೋದರೆ ಎರಡು ಎಲೆ. ಆಮೇಲೆ ಒಂದು ಕ್ಷಣ ಬಾಗಿಲು ಹಾಕಿ ತೆಗೆಯಿರಿ. ಆಮೇಲೆ ಎತ್ತಿ ಕೆಳಗಿಡಿ. ಆಮೇಲೆ ಮನೆಯೊಳಗೆ ಒಂದು ಸುತ್ತು. ಮೊಲ ಹಿಂದೇಟು ಹಾಕಿದರೆ ನೀವು ಒಂದು ಮೆಟ್ಟಿಲು ಕೆಳಗಿಳಿಯಿರಿ. ಮರಳು ಮೂಟೆ ಜಾಸ್ತಿಯಾಯಿತು ಅಂತ ಅರ್ಥ.

ಸುತ್ತು ತಿರುಗುವುದು ಸುಲಭ. ಚಮಚವನ್ನು ಮೊಲದ ಪಕ್ಕದಿಂದ ಬಾಲದ ಕಡೆ ಒಯ್ಯಿರಿ. ತಲೆ ತಿರುಗಿದರೆ ಸೈ, ಅರ್ಧ ಸುತ್ತಿಗೆ ಸೈ, ಪೂರ್ತಿ ಸುತ್ತಿಗೆ ಸೈ. ಎದ್ದು ನಿಲ್ಲಲು ಚಮಚ ತಲೆಯ ಮೇಲಕ್ಕೆ ಹೋಗಬೇಕು.

ಹಾರಲು ಎರಡು ದಪ್ಪ ಪುಸ್ತಕ, ಮೇಲೆ ಒಂದು ಹಗುರ ಕೋಲು. ಕೋಲು ಕಾಲಿಗೆ ತಾಗಿದರೆ ತಾನೇ ಬಿದ್ದುಹೋಗುವಂತಿರಲಿ. ಮೊದಲು ಕೋಲು ನೆಲದ ಮೇಲೇ ಇರಲಿ, ದಾಟಿ ಬರಲಿ. ಆಮೇಲೆ ಎರಡು ಬೆರಳು ಎತ್ತರ. ವಾರಕ್ಕೆ ಎರಡು ಬೆರಳಿನಂತೆ ಏರಿಸಿ. ಮನೆಯಲ್ಲಿ ಒಂದು ಅಡಿ ಎತ್ತರ ಸಾಕು. ಒಂದು ವರ್ಷ ತುಂಬದ ಮೊಲಕ್ಕೆ, ದಪ್ಪಗಿರುವ ಮೊಲಕ್ಕೆ ಎತ್ತರ ಬೇಡ. ಜಮಖಾನ ಮರೆಯಬೇಡಿ.

ಉಗುರು ತೆಗೆಯುವುದಕ್ಕೂ ಇದೇ ಕ್ರಮ. ಪಾದ ಮುಟ್ಟಿಸಿಕೊಂಡರೆ ಸೈ, ಹಿಡಿಸಿಕೊಂಡರೆ ಸೈ, ಕಟರ್ ಶಬ್ದ ಕೇಳಿ ಸುಮ್ಮನಿದ್ದರೆ ಸೈ. ಒಂದು ದಿನಕ್ಕೆ ಒಂದೇ ಉಗುರು, ತುದಿ ಮಾತ್ರ. ಒಳಗಿನ ಕೆಂಪು ಗೆರೆ ರಕ್ತನಾಳ, ಅದರ ಹತ್ತಿರ ಹೋಗಬೇಡಿ. ಗುಂಡ ಇನ್ನೂ ಮುನಿಸಿಕೊಳ್ಳುತ್ತಾನೆ. ಮೊದಲಿನ ಹಾಗೆ ಒದೆಯುವುದಿಲ್ಲ, ಅಷ್ಟು ಗೆದ್ದಿದ್ದೇನೆ.

ಒಂದು ವಿಷಯದಲ್ಲಿ ಮಾತ್ರ ಆನೆಯ ದಾರಿ ಬೇಡ. ಆನೆ, ಕುದುರೆಗಳಿಗೆ ದಸರಾಕ್ಕೆ ಮೊದಲು ಫಿರಂಗಿ ಸಿಡಿಸಿ ಸದ್ದು ರೂಢಿ ಮಾಡಿಸುತ್ತಾರೆ. ಮೊಲಕ್ಕೆ ಪಟಾಕಿ ರೂಢಿ ಮಾಡಿಸಲು ಹೋಗಬೇಡಿ, ಗಾಬರಿಗೇ ಪ್ರಾಣ ಹೋಗಬಹುದು. ದೀಪಾವಳಿಯ ಮೂರು ದಿನ ಒಳಕೋಣೆ, ಕಿಟಕಿಗೆ ದಪ್ಪ ಬೆಡ್‌ಶೀಟ್, ಅಡಗಲು ರಟ್ಟಿನ ಪೆಟ್ಟಿಗೆ, ಪಕ್ಕದಲ್ಲಿ ನೀವು.

ತಾಲೀಮು ತಪ್ಪಿದಾಗ

ಬಟ್ಟಲಿನ ಕಥೆಗೆ ಬರುತ್ತೇನೆ. ಸ್ಟೀಲ್ ಬಟ್ಟಲು ತೆಗೆದು, ಎತ್ತಲಾಗದ ಭಾರದ ಕಲ್ಲಿನ ಬಟ್ಟಲು ಇಟ್ಟೆ. ಗುಂಡ ಸರಳು ಕಡಿಯಲು ಶುರು ಮಾಡಿದ. ಈ ಸಲ ನಾನು ಹೋಗಲಿಲ್ಲ. ಮೊದಲ ನಾಲ್ಕು ದಿನ ಸದ್ದು ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಇದು ಎಲ್ಲ ಪ್ರಾಣಿಗಳಲ್ಲೂ ಇದೆ, ಮನುಷ್ಯರಲ್ಲೂ. ಒತ್ತಿದರೆ ಬರುತ್ತಿದ್ದ ಲಿಫ್ಟ್ ಬರದಿದ್ದರೆ ನಾವು ಗುಂಡಿಯನ್ನು ಇನ್ನೂ ಜೋರಾಗಿ ಒತ್ತುವುದಿಲ್ಲವಾ? ಐದನೇ ದಿನ ಸೋತು ಎಲೆ ಹಾಕಿದ್ದರೆ, ಜೋರಾಗಿ ಕಡಿದರೆ ಸಿಗುತ್ತದೆ ಅಂತ ಕಲಿತುಬಿಡುತ್ತಿದ್ದ. ಮೇಲಿನ ಮನೆಯವರಿಗೆ ಮೊದಲೇ ಹೇಳಿ, ಒಂದು ಡಬ್ಬಿ ಚಕ್ಕುಲಿ ಕೊಟ್ಟು ಬಂದಿದ್ದೆ. ಹತ್ತನೇ ದಿನ ನಿಂತಿತು. ಈಗ ಅವನು ಸುಮ್ಮನೆ ಕೂತಿದ್ದಾಗ ಮಾತ್ರ ನಾನು ಸೊಪ್ಪು ಹಿಡಿದು ಹೋಗುತ್ತೇನೆ.

ಕಡಿಯುವುದು, ಕೆರೆಯುವುದಕ್ಕೆ ಬೈದು ಪ್ರಯೋಜನವಿಲ್ಲ. ಹೊಡೆದರಂತೂ ಆರು ತಿಂಗಳ ನಂಬಿಕೆ ಒಂದೇ ಏಟಿಗೆ ಹೋಗುತ್ತದೆ. ಕೆರೆಯುವ ಆಸೆಗೆ ಬೇರೆ ಜಾಗ ಕೊಡಿ. ರಟ್ಟಿನ ಪೆಟ್ಟಿಗೆಯಲ್ಲಿ ಹರಿದ ಪೇಪರ್ ತುಂಬಿ, ಅಡಿಯಲ್ಲಿ ನಾಲ್ಕು ಎಲೆ ಬಚ್ಚಿಡಿ. ಮೂರು ಪೇಪರ್ ಕಪ್ ಬೋರಲಾಗಿಟ್ಟು ಒಂದರ ಕೆಳಗೆ ಎಲೆ ಇಟ್ಟರೆ, ಗುಂಡ ವಾಸನೆ ಹಿಡಿದು ಸರಿಯಾದ ಕಪ್ಪನ್ನೇ ಮೂಗಿನಿಂದ ಉರುಳಿಸುತ್ತಾನೆ. ಮಳೆಗಾಲದ ಸಂಜೆ ಮಕ್ಕಳಿಗೂ ಹೊತ್ತು ಹೋಗುತ್ತದೆ.

ಕಲಿತದ್ದನ್ನು ಮೊಲ ಒಂದು ದಿನ ಇದ್ದಕ್ಕಿದ್ದಂತೆ ಮಾಡದಿದ್ದರೆ ಮೊದಲು ಟ್ರೇ ನೋಡಿ. ಹಿಕ್ಕೆ ಕಮ್ಮಿಯಾಗಿದೆಯಾ, ಸಣ್ಣಗಾಗಿದೆಯಾ? ಟ್ರೇ ಬಿಟ್ಟು ಉಚ್ಚೆ ಹೊಯ್ಯುತ್ತಿದೆಯಾ? ಹಠ ಅಂದುಕೊಳ್ಳುವ ಮೊದಲು ನೋವು ಇರಬಹುದು ಅಂತ ಯೋಚಿಸಿ. ಬೇಟೆಗೆ ಸಿಗುವ ಪ್ರಾಣಿ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ದಿನಾ ಐದು ನಿಮಿಷ ಪಾಠ ಮಾಡುವವರಿಗೆ ಅದು ಒಂದು ದಿನ ಮೊದಲೇ ಗೊತ್ತಾಗುತ್ತದೆ. ಕಳೆದ ವರ್ಷ ಗುಂಡ ಚಮಚ ಮುಟ್ಟಲು ಬರಲಿಲ್ಲ, ಹಿಪ್ಪುನೇರಳೆ ಎಲೆಯನ್ನೂ ಬಾಯಿಗೆ ತೆಗೆದುಕೊಂಡು ಕೆಳಗೆ ಹಾಕಿದ. ಡಾಕ್ಟರು ನೋಡಿದರೆ, ದವಡೆಯ ಹಲ್ಲು ಚೂಪಾಗಿ ನಾಲಗೆಗೆ ಚುಚ್ಚುತ್ತಿತ್ತು.

ಗುಂಡನಿಗೆ ಈಗ ಏಳು ವರ್ಷ. ಮನೆಯೊಳಗೆ ಚೆನ್ನಾಗಿ ನೋಡಿಕೊಂಡ ಮೊಲ ಎಂಟರಿಂದ ಹನ್ನೆರಡು ವರ್ಷ ಬದುಕುತ್ತದೆ. ಹಾರುವ ಕೋಲನ್ನು ಮತ್ತೆ ಎರಡು ಬೆರಳಿಗೆ ಇಳಿಸಿದ್ದೇನೆ. ಒಮ್ಮೊಮ್ಮೆ ಅಷ್ಟನ್ನೂ ಹಾರದೆ, ಕೋಲಿನ ಪಕ್ಕದಿಂದ ನಿಧಾನಕ್ಕೆ ನಡೆದು ಬಂದು, ಈ ಕಡೆ ನಿಂತು ನನ್ನ ಕೈ ನೋಡುತ್ತಾನೆ. ಮೊನ್ನೆ ಮಾವ ಪಕ್ಕದಲ್ಲೇ ಕೂತಿದ್ದರು. "ಮೋಸ ಮಾಡ್ತದೆ ನೋಡವ್ವ, ಕೊಡಬ್ಯಾಡ" ಅಂದರು. ಅಂದವರೇ ಗೋಣಿಯಿಂದ ಒಂದು ಎಲೆ ತೆಗೆದು ಅವನ ಮುಂದೆ ಹಿಡಿದರು.